ಕಿಲೋಮೀಟರ್ ಸರಿ, ನಿಮಿಷ ಎಷ್ಟು?

ಬೆಂಗಳೂರಿನ ಸಾರಿಗೆ ಬಗ್ಗೆ ಪತ್ರಿಕೆಯಲ್ಲಿ ಬರೋ ಸುದ್ದಿಗಳನ್ನ ಒಂದು ವಾರ ಸುಮ್ಮನೆ ಕತ್ತರಿಸಿ ಇಟ್ಟುಕೊಂಡು ನೋಡಿ. ಎಲ್ಲದರಲ್ಲೂ ಒಂದು ಸಂಖ್ಯೆ ಇದ್ದೇ ಇರುತ್ತೆ, ಕಿಲೋಮೀಟರಿನದು. ಮೆಟ್ರೊ ಮೊದಲ ಹಂತ 42.3 ಕಿ.ಮೀ. ಉಪನಗರ ರೈಲು 148 ಕಿ.ಮೀ. ಸಿಲ್ಕ್ ಬೋರ್ಡಿನಿಂದ ಏರ್‌ಪೋರ್ಟಿಗೆ ಹೋಗಲಿರುವ ನೀಲಿ ಮಾರ್ಗ ಸುಮಾರು 58 ಕಿ.ಮೀ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಕೊರೆಯಬೇಕು ಅಂತಿರೋ ಸುರಂಗ ರಸ್ತೆ 16 ಚಿಲ್ಲರೆ ಕಿ.ಮೀ. ಪಕ್ಕದಲ್ಲೇ ಇನ್ನೊಂದು ಸಂಖ್ಯೆ, ಕೋಟಿಗಳದ್ದು. ಒಬ್ಬ ಮನುಷ್ಯ ಮನೆ ಬಾಗಿಲಿಂದ ಹೊರಟು ಆಫೀಸಿನ ಬಾಗಿಲು ಮುಟ್ಟೋಕೆ ಎಷ್ಟು ನಿಮಿಷ ಬೇಕು ಅನ್ನೋ ಸಂಖ್ಯೆ ಮಾತ್ರ ಎಲ್ಲೂ ಸಿಗಲ್ಲ.

ನನ್ನ ತಕರಾರು ಇದರ ಬಗ್ಗೆಯೇ. ಈ ಊರಿನ ಸಾರಿಗೆ ಯೋಜನೆ ಕಟ್ಟೋದನ್ನ ಅಳೆಯುತ್ತೆ, ಕಾಯೋದನ್ನ ಅಳೆಯೋದಿಲ್ಲ. ಅಳೆಯದೇ ಇರೋದನ್ನ ಯಾರೂ ಸರಿ ಮಾಡೋಕೆ ಹೋಗಲ್ಲ ಅನ್ನೋದು ಡ್ಯಾಶ್‌ಬೋರ್ಡ್ ನೋಡ್ಕೊಂಡೇ ಸಂಬಳ ತಗೊಳ್ಳೋ ನಮಗೆಲ್ಲ ಗೊತ್ತಿರೋ ವಿಷಯ.

ನಾನು ಬೆಳೆದಿದ್ದು ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಬಸ್ಸುಗಳಿಗೆ ನಂಬರ್ ಇರಲಿಲ್ಲ, ಹೊತ್ತೇ ಹೆಸರು. ಏಳೂವರೆ ಬಸ್ಸು, ಹನ್ನೊಂದರ ಬಸ್ಸು, ಸಾಯಂಕಾಲದ ಸ್ಕೂಲ್ ಬಸ್ಸು, ರಾತ್ರಿ ಊರಲ್ಲೇ ಮಲಗಿ ಬೆಳಗ್ಗೆ ಎದ್ದು ಹೋಗೋ ಹಾಲ್ಟಿಂಗ್ ಬಸ್ಸು. ಏಳೂವರೆ ಬಸ್ಸು ಎಂಟು ಗಂಟೆಗೆ ಹತ್ತು ನಿಮಿಷ ಇದ್ದಾಗ ಬಂದರೂ ಅದು ಏಳೂವರೆ ಬಸ್ಸೇ. ದಿನಕ್ಕೆ ನಾಲ್ಕೇ ಬಸ್ಸು, ಆದರೆ ಇಡೀ ಊರು ಆ ನಾಲ್ಕರ ಸುತ್ತ ತನ್ನ ಕೆಲಸ ಹೊಂದಿಸಿಕೊಂಡಿತ್ತು. ಹಾಲು ಡೈರಿಗೆ ಹಾಕೋದು, ಸ್ಟೌವ್ ಮೇಲೆ ಅನ್ನಕ್ಕಿಡೋದು, ಆಸ್ಪತ್ರೆಗೆ ಹೋಗೋದು, ಎಲ್ಲ. ಹಳ್ಳಿಯ ಸಾರಿಗೆ ಚೆನ್ನಾಗಿತ್ತು ಅಂತ ಹಾಡಿ ಹೊಗಳೋಕೆ ಇದನ್ನ ಹೇಳ್ತಿಲ್ಲ. ಬಸ್ಸು ತಪ್ಪಿದರೆ ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ. ಆದರೆ ಆ ಸಾರಿಗೆಯ ಮೂಲ ಘಟಕ ಹೊತ್ತು ಆಗಿತ್ತು. ಬೆಂಗಳೂರಿಗೆ ಬಂದ ಮೇಲೆ ನೋಡಿದರೆ ಇಲ್ಲಿ ಬಸ್ಸಿಗೆ ನಂಬರ್ ಇದೆ, ಆ್ಯಪ್ ಇದೆ, ಎಲ್‌ಇಡಿ ಬೋರ್ಡ್ ಇದೆ, ಹೊತ್ತು ಇಲ್ಲ.

ಕಾಯೋದರ ಲೆಕ್ಕ ಒಂಚೂರು ಮಾಡೋಣ. ಬಿಇಯಲ್ಲಿ ಆಪರೇಶನ್ಸ್ ರಿಸರ್ಚ್ ಪೇಪರ್ ಇದ್ದವರಿಗೆ ಇದು ಹಳೇ ಸಾಂಬಾರು, ಬಿಸಿ ಮಾಡ್ತೀನಿ ಅಷ್ಟೇ. ಒಂದು ಸ್ಟಾಪಿಗೆ ಗಂಟೆಗೆ 6 ಬಸ್ಸು ಬರುತ್ತೆ ಅಂದುಕೊಳ್ಳಿ. ಸರಿಯಾಗಿ 10 ನಿಮಿಷಕ್ಕೊಂದು ಬಂದರೆ, ಯಾವಾಗಲೋ ಬಂದು ನಿಂತ ಪ್ರಯಾಣಿಕ ಸರಾಸರಿ 5 ನಿಮಿಷ ಕಾಯ್ತಾನೆ. ಅದೇ 6 ಬಸ್ಸು ಜೋಡಿ ಜೋಡಿಯಾಗಿ ಬಂತು ಅನ್ನಿ, ಅಂದರೆ 20 ನಿಮಿಷಕ್ಕೊಮ್ಮೆ ಎರಡು. ಆಗ ಸರಾಸರಿ ಕಾಯುವಿಕೆ 10 ನಿಮಿಷ. ಮೂರು ಮೂರು ಒಟ್ಟಿಗೆ ಬಂದರೆ 15. ವರದಿಯಲ್ಲಿ ಮೂರೂ ಸಲ ಬರೆಯೋದು ಒಂದೇ, ‘ಗಂಟೆಗೆ 6 ಟ್ರಿಪ್’. ಮೊದಲನೇ ಬಸ್ಸಲ್ಲಿ ಜನ ಫುಟ್‌ಬೋರ್ಡಿಗೆ ನೇತಾಡ್ತಿರ್ತಾರೆ, ಹಿಂದಿನದು ಖಾಲಿ ಹೋಗ್ತಿರುತ್ತೆ. ಅದನ್ನ ನೋಡಿ ಯಾರೋ ‘ಈ ರೂಟಲ್ಲಿ ಜನ ಇಲ್ಲ’ ಅಂತ ಬರೆದುಕೊಳ್ತಾರೆ.

ಇನ್ನೊಂದು ಮಾತು. ಸರಾಸರಿ ಕೂಡ ಇಲ್ಲಿ ಪೂರ್ತಿ ಕಥೆ ಹೇಳಲ್ಲ. ನಮ್ಮ ಫ್ಲೋರ್‌ನ ಹೌಸ್‌ಕೀಪಿಂಗ್ ಅಕ್ಕ ಒಬ್ಬರು ಏಳೂವರೆಗೆ ಪಂಚ್ ಮಾಡಬೇಕು. ಮನೆಯಿಂದ ಒಂದು ಬಸ್ಸು, ಆಮೇಲೆ ಶೇರ್ ಆಟೋ. ‘ಎಲ್ಲ ಸರಿಯಾಗಿ ಸಿಕ್ಕರೆ ಮುಕ್ಕಾಲು ಗಂಟೆ ಸಾರ್. ಆದ್ರೂ ಐದೂಮುಕ್ಕಾಲಿಗೇ ಹೊರಡ್ತೀನಿ. ಲೇಟಾದ್ರೆ ಅರ್ಧ ದಿನ ಕಟ್ ಮಾಡ್ತಾರೆ’ ಅಂದರು. ಹಾಗಾಗಿ ಬಹುತೇಕ ದಿನ ಏಳು ಗಂಟೆಗೂ ಮೊದಲೇ ಬಂದು ಪ್ಯಾಂಟ್ರಿಯಲ್ಲಿ ಕೂತಿರ್ತಾರೆ. ಆ ಅರ್ಧ-ಮುಕ್ಕಾಲು ಗಂಟೆಗೆ ಸಂಬಳ ಇಲ್ಲ, ಅದು ಯಾವ ಸಮೀಕ್ಷೆಯ ‘ಪ್ರಯಾಣದ ಅವಧಿ’ ಕಾಲಮ್ಮಿಗೂ ಹೋಗಲ್ಲ. ಅವರು ಹೊಂದಿಸಿಕೊಂಡಿರೋದು ಸರಾಸರಿ ದಿನಕ್ಕಲ್ಲ, ಇಪ್ಪತ್ತರಲ್ಲಿ ಒಂದು ಸಲ ಬರೋ ಕೆಟ್ಟ ದಿನಕ್ಕೆ. ನಾವು ಸರ್ವರ್‌ಗಳ ವಿಷಯದಲ್ಲಿ ಪಿ-95 ಲೇಟೆನ್ಸಿ ಅಂತ ಮೀಟಿಂಗ್ ಮೇಲೆ ಮೀಟಿಂಗ್ ಮಾಡ್ತೀವಲ್ಲ, ಆ ಅಕ್ಕ ಅದನ್ನ ಬೆಳಗಿನ ನಿದ್ದೆ ಕೊಟ್ಟು ಕೊಂಡುಕೊಂಡಿದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಬಸ್ ಟಿಕೆಟ್ ಖರ್ಚು ಉಳಿದಿದೆ. ಅದು ಸಣ್ಣದಲ್ಲ, ಅದನ್ನ ಹೀಯಾಳಿಸೋರ ಜೊತೆ ನಾನಿಲ್ಲ. ಕಾಯೋ ಖರ್ಚು ಹಾಗೇ ಇದೆ.

ಬೆಂಗಳೂರಿನಲ್ಲಿ ಒಂದು ಕೋಟಿ ದಾಟಿದ ವಾಹನ ನೋಂದಣಿಯನ್ನೂ ನಾನು ಈ ಕಡೆಯಿಂದಲೇ ನೋಡ್ತೀನಿ. ಅದರಲ್ಲಿ ಹೆಚ್ಚಿನವು ಟೂ ವೀಲರ್. ಜನ ಶೋಕಿಗೆ ಗಾಡಿ ತಗೊಳ್ತಾರೆ ಅಂತ ಬೈಯೋದು ಸುಲಭ. ಟ್ರಾಫಿಕ್ಕಲ್ಲಿ ಬೈಕೂ ತೆವಳುತ್ತೆ, ಆದರೆ ಹೊರಡೋ ಹೊತ್ತು ನಮ್ಮ ಕೈಯಲ್ಲಿರುತ್ತೆ. ಇಎಂಐ ಕಟ್ಟೋದು ಆ ಖಾತ್ರಿಗೆ.

ಈಗ ಮೆಟ್ರೊಗೆ ಬರೋಣ. ಮೊದಲೇ ಹೇಳಿಬಿಡ್ತೀನಿ, ಮೆಟ್ರೊ ಬೇಡ ಅನ್ನೋ ಪೈಕಿ ನಾನಲ್ಲ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೊದಲ ರೈಲು ಓಡಿದಾಗ ಇದು ಆಟಿಕೆ ಅಂತ ನಕ್ಕವರೂ ಇವತ್ತು ಅದರಲ್ಲೇ ನಿಂತು ಹೋಗ್ತಿದ್ದಾರೆ. ನೇರಳೆ ಮಾರ್ಗದಲ್ಲಿ ದಟ್ಟಣೆಯ ಹೊತ್ತು ಒಂದು ರೈಲು ತಪ್ಪಿದರೆ ಯಾರೂ ಓಡಲ್ಲ, ಹಿಂದೇನೇ ಇನ್ನೊಂದು ಬರುತ್ತೆ ಅಂತ ಗೊತ್ತು. ಓಡದೇ ಇರೋದು ನನ್ನ ಪ್ರಕಾರ ಒಳ್ಳೇ ಸಾರಿಗೆಯ ಮೊದಲ ಗುರುತು.

ಆದರೆ ಆ ಗುರುತು ಸಿಕ್ಕಿದ್ದು ಎಷ್ಟು ತಡವಾಗಿ! 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್–ಕೆ.ಆರ್. ಪುರ ಭಾಗವನ್ನ ಪ್ರಧಾನಿಯಿಂದ ಉದ್ಘಾಟನೆ ಮಾಡಿಸಿದರು. ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಗೆ ಉಳಿದಿದ್ದು ಎರಡು ಕಿಲೋಮೀಟರ್ ಆಸುಪಾಸು, ಬೆನ್ನಿಗಾನಹಳ್ಳಿ ಹತ್ತಿರ ರೈಲ್ವೆ ಹಳಿ ಮೇಲೆ ಕೂರಿಸಬೇಕಾದ ಗರ್ಡರ್ ಇನ್ನೂ ಆಗಿರಲಿಲ್ಲ. ಅದು ಸೇರಿಕೊಂಡಿದ್ದು ಅಕ್ಟೋಬರ್ 9ಕ್ಕೆ. ನಡುವಿನ ಆರು ತಿಂಗಳು ಜನ ಒಂದು ರೈಲಿಂದ ಇಳಿದು, ಫೀಡರ್ ಬಸ್ಸಿಗೆ ಕಾದು, ಟಿನ್ ಫ್ಯಾಕ್ಟರಿ ಜಂಜಾಟ ದಾಟಿ, ಇನ್ನೊಂದು ರೈಲು ಹತ್ತಿದರು. ಕಿಲೋಮೀಟರ್ ಲೆಕ್ಕದಲ್ಲಿ ಅದು 40ಕ್ಕಿಂತ ಉದ್ದದ ಮಾರ್ಗದಲ್ಲಿ ಬರೀ 2 ಕಮ್ಮಿ. ನಿಮಿಷದ ಲೆಕ್ಕದಲ್ಲಿ ಆ ಎರಡೇ ಮಿಕ್ಕ ಎಲ್ಲಕ್ಕಿಂತ ದೊಡ್ಡದು.

ಹಳದಿ ಮಾರ್ಗ ಇನ್ನೂ ಒಳ್ಳೇ ಉದಾಹರಣೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, 16 ನಿಲ್ದಾಣ. ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ ಎಲ್ಲ ಇದರ ಮೇಲೇ. ಹಳಿ ಸಿದ್ಧ, ನಿಲ್ದಾಣ ಸಿದ್ಧ, ಗಾಡಿ ಇಲ್ಲ. 216 ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾದ ಕಂಪನಿಗೆ ಹೋಗಿತ್ತು. ಭಾರತದಲ್ಲೇ ತಯಾರಿಸಬೇಕು ಅನ್ನೋ ಷರತ್ತು, 2020ರ ನಂತರದ ಗಡಿ ಬಿಕ್ಕಟ್ಟು, ಕೊನೆಗೆ ಕೋಲ್ಕತ್ತ ಹತ್ತಿರದ ಕಾರ್ಖಾನೆ ಜೊತೆ ಹೊಂದಾಣಿಕೆ. ಅಂತೂ 2025ರ ಆಗಸ್ಟ್ 10ಕ್ಕೆ ಉದ್ಘಾಟನೆ ಆದಾಗ ಇದ್ದಿದ್ದು 3 ರೈಲು, 25 ನಿಮಿಷಕ್ಕೊಂದು. ಈ 25 ಎಲ್ಲಿಂದ ಬಂತು ಅಂತ ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ. ಹೋಗಿ, ತಿರುಗಿ, ಬರೋಕೆ ಹೆಚ್ಚೂಕಡಿಮೆ 75 ನಿಮಿಷ, ಅದನ್ನ 3ರಿಂದ ಭಾಗಿಸಿ. 15 ರೈಲಿದ್ದರೆ 5 ನಿಮಿಷ. ಆಮೇಲೆ ಒಂದೊಂದೇ ರೈಲು ಬಂದ ಹಾಗೆ ಅಂತರ ಕಮ್ಮಿ ಆಗ್ತಾ ಬಂತು. ಆದರೆ ಕಾಂಕ್ರೀಟಿಗೆ ಇದ್ದ ಅವಸರ ಗಾಡಿಗೆ ಯಾಕಿರಲಿಲ್ಲ? ಕಾಂಕ್ರೀಟು ಫೋಟೊದಲ್ಲಿ ಬರುತ್ತೆ, ಎರಡು ರೈಲಿನ ನಡುವಿನ ಅಂತರ ಬರಲ್ಲ ಅನ್ನೋದು ಬಿಟ್ಟು ನನಗೆ ಬೇರೆ ಉತ್ತರ ಹೊಳೀತಿಲ್ಲ.

ಗಾಡಿ ಬದಲಿಸೋ ಜಾಗಗಳ ಕಥೆ ಕೇಳೋದೇ ಬೇಡ. 2022ರ ಜೂನ್‌ನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಯ್ತು. ಏರ್‌ಪೋರ್ಟಿನ ಥರ ಇದೆ, ಎ.ಸಿ. ಇದೆ. ಅದು ಬೈಯಪ್ಪನಹಳ್ಳಿಯಲ್ಲಿದೆ, ಮೆಟ್ರೊ ನಿಲ್ದಾಣದ ಹೆಸರೂ ಬೈಯಪ್ಪನಹಳ್ಳಿ. ಹೆಸರು ನೋಡಿ ಪಕ್ಕಪಕ್ಕ ಇರಬೇಕು ಅಂದುಕೊಂಡು ಊರಿಂದ ಅಕ್ಕಿಮೂಟೆ, ಕಾಯಿ ಚೀಲ ಹಿಡ್ಕೊಂಡು ಬಂದವರು ನಡೆದು ಹೋಗೋ ದೂರವಲ್ಲ ಅದು. ವಿಶ್ವೇಶ್ವರಯ್ಯನವರ ಹೆಸರಿಟ್ಟ ಮೇಲೆ ಒಂದು ಕಾಲುದಾರಿಯಾದರೂ ಲೆಕ್ಕ ಹಾಕಿ ಇಡಬಾರದಾ ಸ್ವಾಮಿ? ಟಿಕೆಟ್ಟಿನದೂ ಇದೇ ಕಥೆ. ಬಸ್ಸಿಂದ ಇಳಿದು ಮೆಟ್ರೊ ಹತ್ತಿದರೆ ಕನಿಷ್ಠ ದರ ಮತ್ತೆ ಮೊದಲಿಂದ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯ್ತು. ಬದಲಿಸೋನಿಗೆ ರಿಯಾಯಿತಿ ಕೊಡಬೇಕು ಅನ್ನೋ ಮಾತು ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಬದಲಿಸೋದು ಪ್ರಯಾಣಿಕ ಮಾಡಿದ ತಪ್ಪು ಅನ್ನೋ ಹಾಗೆ ದಂಡ ಹಾಕ್ತೀವಿ.

ನಿಮಿಷದಿಂದ ಶುರುಮಾಡೋ ಯೋಜನೆ ಹೇಗಿರುತ್ತೆ ಅನ್ನೋಕೆ ಸ್ವಿಟ್ಜರ್ಲೆಂಡ್ ನೋಡಬೇಕು. ಶ್ರೀಮಂತ ದೇಶ, ಸಣ್ಣ ದೇಶ, ನಮಗೂ ಅವರಿಗೂ ಎಲ್ಲಿಯ ಹೋಲಿಕೆ ಅಂತೀರಿ, ಒಪ್ಪಿದೆ. ನಾನು ಹೇಳೋದು ದುಡ್ಡಿನ ಬಗ್ಗೆ ಅಲ್ಲ, ಕ್ರಮದ ಬಗ್ಗೆ. ಅವರು 1982ರಲ್ಲಿ ದೇಶದ ರೈಲುಗಳೆಲ್ಲ ಪ್ರತಿ ಗಂಟೆ ಅದೇ ನಿಮಿಷಕ್ಕೆ ಬರೋ ವೇಳಾಪಟ್ಟಿ ತಂದರು. 1987ರಲ್ಲಿ ಜನರ ಮತಕ್ಕೆ ಹಾಕಿ ‘ಬಾನ್ 2000’ ಅನ್ನೋ ಯೋಜನೆ ಒಪ್ಪಿಸಿಕೊಂಡರು. ಅದರ ಲೆಕ್ಕ ಹೀಗೆ. ದೊಡ್ಡ ಜಂಕ್ಷನ್‌ಗಳಿಗೆ ಎಲ್ಲ ಕಡೆಯ ರೈಲೂ ಗಂಟೆ ಹೊಡೆಯೋ ಸ್ವಲ್ಪ ಮೊದಲು ಬಂದು, ಜನ ಬದಲಿಸಿಕೊಂಡ ಮೇಲೆ ಹೊರಡಬೇಕು. ಹಾಗಾಗಬೇಕಾದರೆ ಬರ್ನ್‌ನಿಂದ ಜ್ಯೂರಿಕ್‌ಗೆ ಒಂದು ಗಂಟೆಗಿಂತ ಸ್ವಲ್ಪ ಕಮ್ಮಿ ಹಿಡಿಯಬೇಕು. ಆಗ 69 ನಿಮಿಷ ಹಿಡೀತಿತ್ತು. ಅದನ್ನ 56ಕ್ಕೆ ಇಳಿಸೋಕೆ ಎಷ್ಟು ಹೊಸ ಹಳಿ ಬೇಕೋ ಅಷ್ಟನ್ನ, ಸುಮಾರು 45 ಕಿಲೋಮೀಟರ್, ಹಾಕಿದರು. 2004ರ ಡಿಸೆಂಬರ್‌ನಲ್ಲಿ ಆ ವೇಳಾಪಟ್ಟಿ ಜಾರಿಗೆ ಬಂತು. ಮೊದಲು ವೇಳಾಪಟ್ಟಿ, ಅದಕ್ಕೆ ಬೇಕಾದ ಹಾಗೆ ಕಾಂಕ್ರೀಟು. ನಮ್ಮ ಅರಸೀಕೆರೆ ಡಿಪೋದವರು ಏಳೂವರೆ ಬಸ್ಸು ಬಿಡ್ತಿದ್ದಿದ್ದೂ ಮುಂದಕ್ಕೆ ರೈಲು ಹಿಡಿಯೋರಿಗೆ, ಕಾಲೇಜಿನ ಗಂಟೆಗೆ ಹೊಂದೋ ಹಾಗೇ ತಾನೆ.

ಇಲ್ಲಿಂದ ಬಸ್ಸಿಗೆ ಬರಲೇಬೇಕು, ಯಾಕಂದ್ರೆ ಬೆಂಗಳೂರಿನ ನಿಜವಾದ ಸಾರಿಗೆ ಅದೇ. ಹಳದಿ ಮಾರ್ಗ ಶುರುವಾದ ಮರುದಿನ ಮೆಟ್ರೊ ಜಾಲದಲ್ಲಿ ಹತ್ತು ಲಕ್ಷ ದಾಟಿದ್ದು ದೊಡ್ಡ ಸುದ್ದಿಯಾಯ್ತು. ಬಿಎಂಟಿಸಿ ದಿನಾ ನಲವತ್ತು ಲಕ್ಷದಷ್ಟು ಜನರನ್ನ ಹೊರುತ್ತೆ, ಸುದ್ದಿಯಾಗಲ್ಲ. ಬಸ್ಸಿನ ಬಗ್ಗೆ ಯೋಜನೆ ಅಂದ್ರೆ ಇಲ್ಲಿ ಇನ್ನಷ್ಟು ಬಸ್ ಖರೀದಿ ಅಂತಲೇ ಅರ್ಥ. ಆದರೆ ಮೇಲಿನ ಭಾಗಾಕಾರವನ್ನೇ ಇಲ್ಲಿಗೆ ಹಾಕಿ ನೋಡಿ. ಒಂದು ರೂಟಲ್ಲಿ ಹೋಗಿ ಬರೋಕೆ 2 ಗಂಟೆ, 12 ಬಸ್ಸು, ಹಾಗಾದರೆ 10 ನಿಮಿಷಕ್ಕೊಂದು. ಟ್ರಾಫಿಕ್ ಕೆಟ್ಟು ಹೋಗಿ ಬರೋದು 3 ಗಂಟೆ ಆಯ್ತು ಅನ್ನಿ, ಅದೇ 12 ಬಸ್ಸು ಈಗ 15 ನಿಮಿಷಕ್ಕೊಂದು. ಮತ್ತೆ 10ಕ್ಕೆ ತರೋಕೆ 6 ಹೊಸ ಬಸ್ಸು, ಅದಕ್ಕೆ ಡ್ರೈವರ್ರು, ಡೀಸೆಲ್ಲು, ಡಿಪೋದಲ್ಲಿ ಜಾಗ. ಆ ಹೊಸ ಬಸ್ಸುಗಳಿಂದ ಪ್ರಯಾಣಿಕನಿಗೆ ಹೊಸದೇನೂ ಸಿಗಲಿಲ್ಲ, ಕಾರುಗಳು ಕಿತ್ತುಕೊಂಡಿದ್ದನ್ನ ಸರ್ಕಾರಿ ದುಡ್ಡಲ್ಲಿ ವಾಪಸ್ ಕೊಂಡುಕೊಂಡ ಹಾಗಾಯ್ತು ಅಷ್ಟೇ. ಬದಲಿಗೆ ಬಸ್ಸಿಗೆ ಒಂದು ಲೇನ್ ಬಿಟ್ಟುಕೊಟ್ಟು ಹೋಗಿ ಬರೋದು ಒಂದೂವರೆ ಗಂಟೆಗೆ ಇಳಿದರೆ, ಒಂದು ಬಸ್ಸನ್ನೂ ಕೊಳ್ಳದೆ 12 ಬಸ್ಸು ಏಳೂವರೆ ನಿಮಿಷಕ್ಕೊಂದು ಬರುತ್ತೆ. ಲೇನಿಗೆ ಬೇಕಾಗಿದ್ದು ಬಣ್ಣ, ಬೊಲಾರ್ಡು, ನಿಂತು ನೋಡಿಕೊಳ್ಳೋ ಪೊಲೀಸ್.

ಇದು ಕನಸಲ್ಲ, ನಾವೇ ಮಾಡಿದ್ದೆವು. 2019ರ ಅಕ್ಟೋಬರ್‌ನಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿಯಿಂದ ಸಿಲ್ಕ್ ಬೋರ್ಡಿನವರೆಗೆ ಬಸ್ ಆದ್ಯತಾ ಪಥ ಬಂತು. ಬೊಲಾರ್ಡಿನ ಆಚೆ ಕಾರುಗಳು ಹಾರ್ನ್ ಮಾಡ್ತಾ ನಿಂತಿರುವಾಗ ಈಚೆ ಬಸ್ಸು ಸುಮ್ಮನೆ ಮುಂದೆ ಹೋಗೋದನ್ನ ನಮ್ಮ ಊರು ಮೊದಲ ಸಲ ನೋಡಿತು. ಆಮೇಲೆ ಕೊರೊನಾ, ಅದರ ಬೆನ್ನಿಗೆ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ. ಪಥ ಹೋಯ್ತು. ಕಾಮಗಾರಿ ನಡೆಯೋ ವರ್ಷಗಳಲ್ಲೇ ಬಸ್ ಪಥ ಹೆಚ್ಚು ಬೇಕಾಗಿದ್ದು ಅನ್ನೋದನ್ನ ಯಾರಿಗೆ ಹೇಳೋಣ! ರಸ್ತೆ ಕಿರಿದಾದಾಗ ಉಳಿದ ಜಾಗ ಯಾರಿಗೆ ಅನ್ನೋ ಪ್ರಶ್ನೆ ಬಂತು, ಉತ್ತರ ಕಾರಿಗೆ ಅಂತಾಯ್ತು.

ರಾಜ್ಯದೊಳಗೇ ಇನ್ನೊಂದು ಉದಾಹರಣೆ ಇದೆ. ಹುಬ್ಬಳ್ಳಿ–ಧಾರವಾಡ ನಡುವೆ ಸುಮಾರು 22 ಕಿಲೋಮೀಟರ್, ನಡುರಸ್ತೆಯಲ್ಲಿ ಬಸ್ಸಿಗೇ ಮೀಸಲಾದ ಪಥ, ಅದರಲ್ಲಿ ಚಿಗರಿ ಬಸ್ಸು. 2018ರಲ್ಲಿ ಓಡೋಕೆ ಶುರುವಾಯ್ತು. ಅಲ್ಲಿನ ಗೆಳೆಯರ ಹತ್ತಿರ ಮಾತೆತ್ತಿದರೆ ಬೈಗುಳವೂ ಬರುತ್ತೆ, ಮಿಕ್ಕ ಗಾಡಿಗಳಿಗೆ ಜಾಗ ಕಮ್ಮಿಯಾಯ್ತು, ರಸ್ತೆ ದಾಟೋದು ಕಷ್ಟ ಅಂತ. ಆ ದೂರುಗಳಲ್ಲಿ ಹುರುಳಿದೆ. ಆದರೆ ಚಿಗರಿ ಹತ್ತಿದವರಿಗೆ ಧಾರವಾಡ ಎಷ್ಟೊತ್ತಿಗೆ ಮುಟ್ತೀವಿ ಅನ್ನೋದು ಗೊತ್ತಿರುತ್ತೆ. ಬೆಂಗಳೂರಿನ ಯಾವ ಬಸ್ಸಿನವರೂ ಆ ಮಾತು ಕೊಡೋ ಸ್ಥಿತಿಯಲ್ಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಈ ಊರು ಈಗ ಸುರಂಗ ತೋಡ್ತೀನಿ ಅಂತಿದೆ, ₹17,000 ಕೋಟಿಗೂ ಹೆಚ್ಚು ದುಡ್ಡಿಗೆ, ಟೋಲ್ ಕೊಟ್ಟು ಹೋಗೋ ರಸ್ತೆ. ಒಂದು ಲೇನಿನಲ್ಲಿ ಗಂಟೆಗೆ ಹೆಚ್ಚೆಂದರೆ 2,000 ಕಾರು ಹೋಗಬಹುದು, ನಮ್ಮ ಕಾರುಗಳಲ್ಲಿ ಇರೋದು ಒಬ್ಬ, ಒಂದೂವರೆ ಜನ. ಅದೇ ಲೇನಿನಲ್ಲಿ ನಿಮಿಷಕ್ಕೆ 2 ಬಸ್ಸು, ಒಂದೊಂದರಲ್ಲಿ 60 ಜನ ಅಂದರೆ 7,200. 2016ರಲ್ಲಿ ಚಾಲುಕ್ಯ ಸರ್ಕಲ್ ಕಡೆಯಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟೋಕೆ ಹೊರಟಾಗ ಜನ ಬೀದಿಗಿಳಿದು ಬೇಡ ಅಂದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಮೇಲೆ ಬೇಡ ಅಂದಿದ್ದಕ್ಕೆ ಈಗ ಕೆಳಗೆ. ತಮಾಷೆ ಅಂದ್ರೆ ಹೆಬ್ಬಾಳಕ್ಕೇ ಸರ್ಜಾಪುರದಿಂದ ಒಂದು ಮೆಟ್ರೊ ಮಾರ್ಗವೂ ಯೋಜನೆಯಲ್ಲಿದೆ. ಅತ್ತ ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿ 40 ತಿಂಗಳು ಅಂದಿದ್ದರು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಹೂವಿನ ಹೆಸರು. 2025ರ ಅಕ್ಟೋಬರ್‌ಗೆ 40 ತಿಂಗಳು ತುಂಬಿತು, ಒಂದೂ ಅರಳಿಲ್ಲ.

ಯಾಕೆ ಹೀಗೆ ಅಂದ್ರೆ, ದುಷ್ಟರು ಯಾರೋ ಕೂತು ಮಾಡ್ತಿದ್ದಾರೆ ಅಂತ ನನಗನ್ನಿಸಲ್ಲ. ಹಳಿ ಒಬ್ಬರದು, ಬಸ್ಸು ಇನ್ನೊಬ್ಬರದು, ಉಪನಗರ ರೈಲು ಮತ್ತೊಬ್ಬರದು, ರಸ್ತೆ ಪಾಲಿಕೆಯದು, ಸಿಗ್ನಲ್ ಪೊಲೀಸರದು. ಪ್ರತಿಯೊಬ್ಬರೂ ತಮ್ಮ ತುಂಡು ಎಷ್ಟುದ್ದ ಬೆಳೀತು ಅಂತ ವರದಿ ಕೊಡ್ತಾರೆ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗೋವಾಗ ಕಳೆಯೋ ನಿಮಿಷ ಯಾರ ಖಾತೆಯಲ್ಲೂ ಇಲ್ಲ. ನಮ್ಮ ಆಫೀಸಲ್ಲೂ ಹೀಗೇ ಅಲ್ವಾ, ಎಲ್ಲ ಟೀಮಿನ ಡ್ಯಾಶ್‌ಬೋರ್ಡೂ ಹಸಿರು, ಗ್ರಾಹಕನ ಪೇಜ್ ಮಾತ್ರ ಲೋಡ್ ಆಗ್ತಿಲ್ಲ. ಎಲ್ಲವನ್ನೂ ಒಂದೇ ಸೂರಿನಡಿ ನೋಡ್ಕೊಳ್ಳೋಕೆ ಅಂತಲೇ 2022ರ ಕೊನೆಗೆ ವಿಧಾನಮಂಡಲ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆ ಒಪ್ಪಿತು. ಕಾನೂನು ಬಂತು. ಅದಾದ ಮೇಲೂ ದೊಡ್ಡ ಯೋಜನೆಗಳು ಮೊದಲು ಹುಟ್ಟೋದು ಮಂತ್ರಿಗಳ ಘೋಷಣೆಯಲ್ಲೇ.

ಮುಂದಿನ ದೊಡ್ಡ ಉದ್ಘಾಟನೆ ಹೊರ ವರ್ತುಲ ರಸ್ತೆಯ ನೀಲಿ ಮಾರ್ಗದ್ದು. ನಮ್ಮಲ್ಲಿ ಅರ್ಧ ಜನರ ಆಫೀಸು ಅದರ ಆಚೀಚೆ. ಈಗಲೇ ಕೇಳಬೇಕಾದ ಪ್ರಶ್ನೆಗಳಿವೆ. ಮೊದಲ ದಿನ ಎಷ್ಟು ರೈಲು, ಎಷ್ಟು ನಿಮಿಷಕ್ಕೊಂದು? ನಿಲ್ದಾಣ ಇಳಿದರೆ ಕೆಳಗೆ ಬಸ್ಸು ನಿಲ್ಲೋಕೆ ಜಾಗ ಇದೆಯಾ, ಇಲ್ಲ ಅಲ್ಲೂ ಕ್ಯಾಬುಗಳೇ ನಿಂತಿರ್ತವಾ? ಕಾಮಗಾರಿ ಮುಗಿದ ಮೇಲೆ 2019ರ ಬಸ್ ಪಥ ವಾಪಸ್ ಬರುತ್ತಾ? ಟೆಕ್ ಪಾರ್ಕುಗಳ ಸಂಘಗಳು ಸರ್ಕಾರಕ್ಕೆ ಬರೆಯೋ ಪತ್ರಗಳಲ್ಲಿ ಗುಂಡಿ, ಫ್ಲೈಓವರ್ ಬಗ್ಗೆ ಇರೋ ಸಿಟ್ಟು ಈ ಪ್ರಶ್ನೆಗಳ ಬಗ್ಗೆಯೂ ಇರಬೇಕು. ಆ ಪತ್ರಗಳನ್ನ ಬರೆಯೋದು ನಮ್ಮಂಥವರೇ.

ನಿಮಿಷದ ಮೇಲೆ ಕೆಲಸ ಮಾಡೋಕೆ ಇವರಿಗೆ ಬರಲ್ಲ ಅಂತೇನಿಲ್ಲ. 2025ರ ಜನವರಿಯಿಂದ ಮೆಟ್ರೊದವರು ಸೋಮವಾರ ಮೊದಲ ರೈಲನ್ನ ಬೆಳಗಿನ ಜಾವ 4.15ಕ್ಕೇ ಬಿಡ್ತಿದ್ದಾರೆ. ವಾರಾಂತ್ಯಕ್ಕೆ ಊರಿಗೆ ಹೋಗಿ ರಾತ್ರಿ ಬಸ್ಸಲ್ಲಿ, ರೈಲಲ್ಲಿ ವಾಪಸ್ ಬರೋರಿಗೆ ಅಂತ. ಒಂದು ಅಡಿ ಕಾಂಕ್ರೀಟು ಹಾಕಲಿಲ್ಲ, ಯಾರೂ ರಿಬ್ಬನ್ ಕತ್ತರಿಸಲಿಲ್ಲ, ಹೊತ್ತು ಹಿಂದೆ ಸರಿಸಿದರು. ಸೋಮವಾರ ಆ ಹೊತ್ತಿಗೆ ಮೆಜೆಸ್ಟಿಕ್ ನಿಲ್ದಾಣದಲ್ಲಿ ನೋಡಿ, ತುಪ್ಪದ ಡಬ್ಬಿ, ತೆಂಗಿನಕಾಯಿ ಚೀಲ, ಲ್ಯಾಪ್‌ಟಾಪ್ ಬ್ಯಾಗು ಒಟ್ಟಿಗೇ ಸೆಕ್ಯುರಿಟಿ ಮೆಷಿನ್ನಿನೊಳಗೆ ಹೋಗ್ತಿರುತ್ತವೆ. ಇನ್ನು ಆ ರೈಲಿಳಿದ ಕಡೆ ಕೆಳಗಿಂದ ಹೊರಡೋ ಮೊದಲ ಬಸ್ಸು ಯಾವುದು, ಎಷ್ಟೊತ್ತಿಗೆ ಅನ್ನೋದನ್ನೂ ಅದೇ ನಿಲ್ದಾಣದ ಬೋರ್ಡಿನಲ್ಲಿ ಬರೆದು, ಬರೆದ ಹೊತ್ತಿಗೆ ಆ ಬಸ್ಸನ್ನ ಬಿಟ್ಟರೆ, ಕತ್ತಲಲ್ಲಿ ಮೂಟೆ ಕೆಳಗಿಟ್ಟು ಆಟೋದವರ ಹತ್ತಿರ ಡಬಲ್ ಮೀಟರಿಗೆ ಚೌಕಾಸಿ ಮಾಡೋದು ತಪ್ಪುತ್ತೆ.